ಎಷ್ಟು ಕೊಡುತ್ತೆ? ಡೀಸೆಲ್ ಪಿಕಪ್ಪಿನ ಮೈಲೇಜಿಗೆ ಒಂದು ಇತಿಹಾಸ ಇದೆ

ನೀವು ಮುಂಬೈನಲ್ಲಿರಿ, ಚೆನ್ನೈನಲ್ಲಿರಿ, ಹೈದರಾಬಾದಿನಲ್ಲಿರಿ, ಬೆಳಿಗ್ಗೆ ನಿಮ್ಮ ಅಪಾರ್ಟ್‌ಮೆಂಟ್ ಗೇಟಿಗೆ ಬರೋ ತರಕಾರಿ, ಹಾಲು, ನೀರಿನ ಕ್ಯಾನು, ಆನ್‌ಲೈನ್ ಆರ್ಡರು, ಎಲ್ಲವೂ ಕೊನೆಯ ಮೂವತ್ತು ನಲವತ್ತು ಕಿಲೋಮೀಟರ್ ದಾರಿ ಬಂದಿರೋದು ಒಂದು ಪಿಕಪ್ಪಿನಲ್ಲಿ. ವಾಶಿ ಮಾರ್ಕೆಟ್ಟಿರಲಿ, ಕೋಯಂಬೇಡಿರಲಿ, ದೆಹಲಿಯ ಆಜಾದ್‌ಪುರ ಇರಲಿ, ಬೆಳಗಿನ ಜಾವ ನಾಲ್ಕು ಗಂಟೆಗೆ ಹೋದ್ರೆ ಸಾಲುಸಾಲಾಗಿ ನಿಂತಿರುತ್ತವೆ. ಅದರಲ್ಲಿ ಬಹಳಷ್ಟು ಗಾಡಿಗಳಿಗೆ ಡ್ರೈವರೂ ಮಾಲೀಕನೂ ಒಬ್ಬನೇ. ಸಾಲ ತೆಗೆದು ಕೊಂಡಿರ್ತಾನೆ, ತಿಂಗಳು ತಿಂಗಳು ಕಂತು ಕಟ್ತಿರ್ತಾನೆ.

ಆತನ ಲೆಕ್ಕ ಹೀಗಿರುತ್ತೆ. ದಿನಕ್ಕೆ 100 ಕಿಲೋಮೀಟರ್ ಓಡಿಸ್ತಾನೆ ಅಂದ್ಕೊಳ್ಳಿ. ಗಾಡಿ ಲೀಟರಿಗೆ 14 ಕೊಟ್ರೆ 7 ಲೀಟರಿಗಿಂತ ಸ್ವಲ್ಪ ಹೆಚ್ಚು ಬೇಕು. 17 ಕೊಟ್ರೆ 6 ಲೀಟರಿಗಿಂತ ಸ್ವಲ್ಪ ಕಡಿಮೆ ಸಾಕು. ಒಂದೂಕಾಲು ಲೀಟರ್ ವ್ಯತ್ಯಾಸ. ಲೀಟರಿಗೆ 90 ರೂಪಾಯಿ ಅಂತ ಹಿಡಿದ್ರೆ, 26 ದಿನ ದುಡಿದ್ರೆ, ತಿಂಗಳಿಗೆ ಹತ್ತಿರ ಹತ್ತಿರ ಮೂರು ಸಾವಿರ ರೂಪಾಯಿ. ನಮ್ಮಂಥ ಸಾಫ್ಟ್‌ವೇರಿನವರಿಗೆ ಅದು ವೀಕೆಂಡಿನ ಒಂದು ಊಟದ ಬಿಲ್ಲು. ಅವನಿಗೆ ಅದು ಮಗಳ ಸ್ಕೂಲ್ ಫೀಸು. ಹಾಗಾಗಿ "ಎಷ್ಟು ಕೊಡುತ್ತೆ" ಅನ್ನೋ ಪ್ರಶ್ನೆ ಕೇಳಿ ನಾವು ನಗೋದನ್ನ ಬಿಟ್ಟು, ಅದರ ಇತಿಹಾಸ ಏನು ಅಂತ ಇವತ್ತು ನೋಡೋಣ. ನಾನು ಹೇಳಬೇಕು ಅಂತಿರೋದು ಇಷ್ಟೇ: ಎಂಜಿನಿಯರುಗಳು ನೂರಿಪ್ಪತ್ತೈದು ವರ್ಷ ಕಷ್ಟಪಟ್ಟು ಹನಿ ಹನಿ ಉಳಿಸಿದರು. ಆ ಉಳಿದ ಹನಿ ಯಾರ ಕೈಗೆ ಹೋಯಿತು ಅನ್ನೋದು ಬೇರೆಯೇ ಕಥೆ.

ಶುರು ಮಾಡಬೇಕಾದದ್ದು ಜರ್ಮನಿಯ ಆಗ್ಸ್‌ಬರ್ಗ್ ಊರಿನಿಂದ. ರುಡಾಲ್ಫ್ ಡೀಸೆಲ್ ಅನ್ನೋ ಎಂಜಿನಿಯರ್ 1892ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಅವನ ತಲೆ ಕೆಡಿಸಿದ್ದು ಉಗಿಯಂತ್ರಗಳು. ಆ ಕಾಲದ ಸಾಧಾರಣ ಉಗಿಯಂತ್ರಕ್ಕೆ ನೂರು ರೂಪಾಯಿ ಕಲ್ಲಿದ್ದಲು ಹಾಕಿದ್ರೆ ಹತ್ತು ರೂಪಾಯಿಯಷ್ಟು ಕೆಲಸವೂ ಕಷ್ಟದಲ್ಲಿ ಸಿಗ್ತಿತ್ತು, ಮಿಕ್ಕಿದ್ದೆಲ್ಲ ಚಿಮಣಿಯಲ್ಲಿ ಹೋಗ್ತಿತ್ತು. ಗಾಳಿಯನ್ನ ಸಿಕ್ಕಾಪಟ್ಟೆ ಒತ್ತಿದ್ರೆ ಅದು ತಾನೇ ಕಾಯುತ್ತೆ, ಆ ಕಾದ ಗಾಳಿಗೆ ಇಂಧನ ಸಿಂಪಡಿಸಿದ್ರೆ ಕಿಡಿಯೇ ಇಲ್ಲದೆ ಹೊತ್ತಿಕೊಳ್ಳುತ್ತೆ, ಹೆಚ್ಚು ಒತ್ತಿದಷ್ಟೂ ದಕ್ಷತೆ ಹೆಚ್ಚು. ಇದು ಅವನ ಐಡಿಯಾ. 1893ರ ಆಗಸ್ಟಿನಲ್ಲಿ ಮೊದಲ ಪರೀಕ್ಷೆ ಮಾಡಿದಾಗ ಒತ್ತಡ ಅಳೆಯೋ ಉಪಕರಣವೇ ಸಿಡಿದುಹೋಯಿತು. ಆದರೂ ಅವನಿಗೆ ಖುಷಿ: ಹೊತ್ತಿಕೊಳ್ಳುತ್ತೆ ಅನ್ನೋದಂತೂ ಗೊತ್ತಾಯಿತಲ್ಲ! 1897ರ ಫೆಬ್ರವರಿ 17ರಂದು ಮ್ಯೂನಿಕ್‌ನ ಪ್ರೊಫೆಸರ್ ಮೊರಿಟ್ಸ್ ಶ್ರೋಟರ್ ಅಧಿಕೃತವಾಗಿ ಅಳೆದರು. 26.2 ಶೇಕಡಾ ದಕ್ಷತೆ. ಆ ಎಂಜಿನ್ ಮೂರು ಮೀಟರ್ ಎತ್ತರ, ನಾಲ್ಕೂವರೆ ಟನ್ ತೂಕ, ಕೊಡ್ತಿದ್ದದ್ದು ಇಪ್ಪತ್ತು ಅಶ್ವಶಕ್ತಿಯೂ ಇಲ್ಲ. ಇವತ್ತಿನ ಪಿಕಪ್ಪಿನ ಮೇಲೆ ಅದನ್ನ ಇಟ್ರೆ ಪಿಕಪ್ಪೇ ಕುಸಿದುಹೋಗುತ್ತೆ.

ಇಲ್ಲೊಂದು ಸೂಕ್ಷ್ಮ ಗಮನಿಸಿ. ಡೀಸೆಲ್ ಹೆಚ್ಚು ಮೈಲೇಜ್ ಕೊಡೋದರಲ್ಲಿ ಸ್ವಲ್ಪ ಭಾಗ ಬರೀ ತೂಕದ ಮಾಯೆ. ಒಂದು ಲೀಟರ್ ಡೀಸೆಲ್ಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಹತ್ತು ಶೇಕಡಾ ಹೆಚ್ಚು ಶಕ್ತಿ ಇದೆ, ಯಾಕಂದ್ರೆ ಅದು ದಪ್ಪ. ಉಳಿದದ್ದು ನಿಜವಾದ ಗಳಿಕೆ. ಅದರಲ್ಲೂ ಪಿಕಪ್ಪಿಗೆ ಮುಖ್ಯವಾದದ್ದು ಒಂದಿದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಆಕ್ಸಿಲರೇಟರ್ ಗಾಳಿಯ ಬಾಗಿಲನ್ನ ಅರ್ಧ ಮುಚ್ಚುತ್ತೆ, ಎಂಜಿನ್ನು ಸ್ಟ್ರಾ ಹಾಕಿ ಎಳನೀರು ಎಳೆದ ಹಾಗೆ ಗಾಳಿ ಎಳೀಬೇಕು, ಅದಕ್ಕೇ ಶಕ್ತಿ ಹೋಗುತ್ತೆ. ಸಾಂಪ್ರದಾಯಿಕ ಡೀಸೆಲ್ಲಿನಲ್ಲಿ ಆ ಬಾಗಿಲೇ ಇಲ್ಲ, ಕಾಲು ಒತ್ತಿದ್ರೆ ಬದಲಾಗೋದು ಹನಿಯ ಗಾತ್ರ ಮಾತ್ರ. ಹೋಗುವಾಗ ತುಂಬಿಕೊಂಡು, ಬರುವಾಗ ಖಾಲಿ ಬರೋ ಗಾಡಿಗೆ ಇದು ದೊಡ್ಡ ಲಾಭ. ಭಾರ ಕಡಿಮೆ ಇರುವಾಗಲೇ ಪೆಟ್ರೋಲ್ ಎಂಜಿನ್ನು ಹೆಚ್ಚು ದಂಡ ಮಾಡೋದು.

ಆದರೆ ಆ ಹನಿಯನ್ನ ಅಳೆಯೋದು ಹೇಗೆ? ಡೀಸೆಲ್‌ನ ಕಾಲದಲ್ಲಿ ಅದಕ್ಕೆ ದೊಡ್ಡ ಏರ್ ಕಂಪ್ರೆಸರ್ ಬೇಕಿತ್ತು, ಒತ್ತಿದ ಗಾಳಿ ಇಂಧನವನ್ನ ಒಳಗೆ ಊದ್ತಿತ್ತು. ಕಾರ್ಖಾನೆಗೆ, ಹಡಗಿಗೆ ಸರಿ, ಗಾಡಿಗೆ ಆಗದ ಮಾತು. 1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡಿಗೆ ಹೋಗ್ತಿದ್ದ ಹಡಗಿನಿಂದ ಡೀಸೆಲ್ ಕಾಣೆಯಾದ. ಅವನ ಸಾವಿನ ಬಗ್ಗೆ ಯೂಟ್ಯೂಬಿನಲ್ಲಿ ಬೇಕಾದಷ್ಟು ಪತ್ತೇದಾರಿ ಕಥೆಗಳಿವೆ, ನಾವು ಅಲ್ಲಿಗೆ ಹೋಗೋದು ಬೇಡ. ಲಾರಿಯಲ್ಲಿ ತನ್ನ ಎಂಜಿನ್ ಓಡೋದನ್ನ ಅವನು ಕಾಣಲಿಲ್ಲ. ಮೊದಲ ಡೀಸೆಲ್ ಲಾರಿಗಳು ಬಂದದ್ದು ಅವನು ಹೋಗಿ ಹತ್ತು ವರ್ಷಕ್ಕೆ, 1923ರಲ್ಲಿ ಬೆಂಝ್, 1924ರಲ್ಲಿ ಮಾನ್ ಕಂಪನಿ.

ಈ ಎರಡು ಲಾರಿಗಳು ಎರಡು ದಾರಿ ಹಿಡಿದವು. ಮುಂದಿನ ಎಪ್ಪತ್ತು ವರ್ಷದ ಮೈಲೇಜಿನ ಜಗಳ ಅಲ್ಲಿಂದಲೇ ಶುರು. ಬೆಂಝ್‌ನಲ್ಲಿ ಪ್ರಾಸ್ಪರ್ ಲೋರಾಂಜ್ ಅನ್ನೋ ಎಂಜಿನಿಯರ್ 1909ರಲ್ಲೇ ಪೇಟೆಂಟ್ ಮಾಡಿದ್ದ ಉಪಾಯ ಇತ್ತು: ಸಿಲಿಂಡರಿನ ತಲೆಯಲ್ಲಿ ಒಂದು ಪುಟ್ಟ ಕೋಣೆ. ಇಂಧನ ಮೊದಲು ಆ ಕೋಣೆಯಲ್ಲಿ ಹೊತ್ತಿಕೊಂಡು, ಸಣ್ಣ ಬಾಗಿಲಿನಿಂದ ಸಿಲಿಂಡರಿಗೆ ನುಗ್ಗುತ್ತೆ. ಸದ್ದು ಕಡಿಮೆ, ಪಂಪಿನ ಒತ್ತಡ ಹೆಚ್ಚು ಬೇಡ, ಅಗ್ಗ. ಆದರೆ ಆ ಕೋಣೆಯ ಗೋಡೆಗೆ ಬಿಸಿ ಸೋರಿಹೋಗುತ್ತೆ, ಆ ಕಿರುಬಾಗಿಲಲ್ಲಿ ನುಗ್ಗೋಕೂ ಶಕ್ತಿ ಬೇಕು. ಮಾನ್‌ನವರು ನೇರವಾಗಿ ಪಿಸ್ಟನ್ನಿನ ಮೇಲೆಯೇ ಸಿಂಪಡಿಸಿದರು. ಸದ್ದು ಜಾಸ್ತಿ, ಪಂಪು ಗಟ್ಟಿ ಬೇಕು, ಆದರೆ ಅಷ್ಟೇ ಡೀಸೆಲ್ಲಿಗೆ ಹತ್ತು ಹದಿನೈದು ಶೇಕಡಾ ಹೆಚ್ಚು ದೂರ. ನಿಮ್ಮೂರ ಮೆಕ್ಯಾನಿಕ್ಕು "ಇದು ಡಿಐ ಎಂಜಿನ್ ಸಾರ್" ಅಂತ ಹೆಮ್ಮೆಯಿಂದ ಹೇಳ್ತಾನಲ್ಲ, ಡಿಐ ಅಂದ್ರೆ ಇದೇ ನೇರ ದಾರಿ.

ಎರಡಕ್ಕೂ ಬೇಕಾದದ್ದು ಒಳ್ಳೆಯ ಪಂಪು. 1922ರ ಕೊನೆಗೆ ರಾಬರ್ಟ್ ಬಾಷ್ ಅದನ್ನ ಮಾಡೋಕೆ ನಿರ್ಧರಿಸಿದ, 1927ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಕೆ ಶುರುವಾಯಿತು. ನನ್ನ ಕೇಳಿದ್ರೆ ಡೀಸೆಲ್ ಗಾಡಿಯ ನಿಜವಾದ ಹುಟ್ಟುಹಬ್ಬ ಅದೇ. ಯಾಕೆ ಅಂತ ಒಂದು ಸಣ್ಣ ಲೆಕ್ಕದಲ್ಲಿ ಹೇಳ್ತೀನಿ. ನಾಲ್ಕು ಸಿಲಿಂಡರಿನ ಪಿಕಪ್ಪು ಗಂಟೆಗೆ 60 ಕಿಲೋಮೀಟರ್ ಹೋಗ್ತಿದೆ, ಎಂಜಿನ್ 2000 ಆರ್‌ಪಿಎಂ, ಲೀಟರಿಗೆ 18 ಕೊಡ್ತಿದೆ. ಅಂದ್ರೆ ಗಂಟೆಗೆ ಮೂರೂಕಾಲು ಲೀಟರಿನ ಆಸುಪಾಸು. ಆ ಒಂದು ಗಂಟೆಯಲ್ಲಿ ಪಂಪು 2 ಲಕ್ಷ 40 ಸಾವಿರ ಸಲ ಸಿಂಪಡಿಸಬೇಕು. ಒಂದೊಂದು ಸಲಕ್ಕೂ ಸಿಗೋದು 14 ಘನ ಮಿಲಿಮೀಟರ್, ಒಂದು ಅಕ್ಕಿಕಾಳಿನಷ್ಟು ಡೀಸೆಲ್. ಅದು ಕಾಲು ಭಾಗ ಹೆಚ್ಚಾದ್ರೆ ಹೊಗೆ, ಕಡಿಮೆಯಾದ್ರೆ ಗಾಡಿ ಎಳೆಯಲ್ಲ, ನಾಲ್ಕು ಸಿಲಿಂಡರಿಗೂ ಒಂದೇ ಸಮ ಬೀಳಬೇಕು. ಇದನ್ನ ಯಾವ ಚಿಪ್ಪೂ ಇಲ್ಲದೆ, ಬರೀ ಉಕ್ಕಿನಲ್ಲಿ ಮಾಡಿದರು. ಒಂದು ಕಡ್ಡಿಯಂಥ ಪ್ಲಂಜರು, ಅದರ ಮೈಮೇಲೆ ಓರೆಯಾಗಿ ಕೊರೆದ ಒಂದು ಗೀರು. ಪ್ಲಂಜರನ್ನ ಸ್ವಲ್ಪ ತಿರುಗಿಸಿದ್ರೆ ಗೀರು ಬೇಗ ತೂತಿಗೆ ಬಂದು ಸಿಗುತ್ತೆ, ಇಂಧನ ಅಲ್ಲಿಗೇ ನಿಲ್ಲುತ್ತೆ. ಪ್ಲಂಜರಿಗೂ ಅದು ಕೂರೋ ಕೊಳವೆಗೂ ಮಧ್ಯೆ ಇರೋ ಸಂದು ಎರಡು ಮೂರು ಮೈಕ್ರಾನ್, ಕೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲೂ ಅಲ್ಲ. ಇನ್ನು ವೇಗಕ್ಕೆ ತಕ್ಕ ಹಾಗೆ ಎಷ್ಟು ತಿರುಗಿಸಬೇಕು ಅನ್ನೋದನ್ನ ಸ್ಪ್ರಿಂಗು ಮತ್ತು ತಿರುಗೋ ಗುಂಡುಗಳ ಗವರ್ನರ್ ನಿರ್ಧರಿಸುತ್ತೆ. ನಾವು ಕೋಡಿನಲ್ಲಿ ಬರೆಯೋ ಲುಕಪ್ ಟೇಬಲ್ಲನ್ನ ಅವರು ಕಬ್ಬಿಣದಲ್ಲಿ ಬರೆದರು.

ಈ ಪಂಪು ನಮ್ಮೂರಿಗೂ ಬಂತು. 1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಶುರುವಾಯಿತು, ಅದೇ ಆಡುಗೋಡಿಯ ಮೈಕೋ. ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ಅಲ್ಲಿ ತಯಾರಾಗ್ತಿದ್ದವು, ಆಮೇಲೆ ನಾಝಲ್ಲು, ಇಂಜೆಕ್ಟರುಗಳಿಗೆ ನಾಸಿಕ್‌ನಲ್ಲಿ ಇನ್ನೊಂದು ಕಾರ್ಖಾನೆ. ದಶಕಗಳ ಕಾಲ ಈ ದೇಶದ ಬಹುಪಾಲು ಲಾರಿ, ಟ್ರ್ಯಾಕ್ಟರುಗಳ ಹನಿಯನ್ನ ಅಳೆದದ್ದು ಮೈಕೋ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬೆಳೆದವರಿಗೆ "ಅವರಪ್ಪ ಮೈಕೋದಲ್ಲಿದ್ದಾರೆ" ಅನ್ನೋ ಮಾತಿನ ತೂಕ ಗೊತ್ತಿರುತ್ತೆ. ಹೆದ್ದಾರಿ ಬದಿಯಲ್ಲಿ ಪಂಪ್ ಸರ್ವಿಸ್ ಬೋರ್ಡಿನ ಅಂಗಡಿ, ಒಳಗೆ ಪಂಪನ್ನ ತಿರುಗಿಸಿ ಗಾಜಿನ ಕೊಳವೆಗಳಲ್ಲಿ ಸಿಲಿಂಡರ್ ಸಿಲಿಂಡರಿನ ಇಂಧನ ಅಳೆಯೋ ಕ್ಯಾಲಿಬ್ರೇಷನ್ ಬೆಂಚು. ಅಳೆದಾದ ಮೇಲೆ ಸ್ಕ್ರೂಗೆ ಸೀಸದ ಮುದ್ರೆ ಹಾಕ್ತಿದ್ದರು. ಘಾಟಿಯಲ್ಲಿ ಪಿಕಪ್ ಸಾಲ್ತಿಲ್ಲ ಅಂತ ಎಷ್ಟೋ ಡ್ರೈವರುಗಳು ಆ ಮುದ್ರೆ ಒಡೆದು ಸ್ಕ್ರೂ ತಿರುಗಿಸಿಸ್ತಿದ್ದರು. ಗಾಡಿ ಹಾರ್ತಿತ್ತು, ಹಿಂದೆ ಕಪ್ಪು ಹೊಗೆ. ಆ ಕಪ್ಪು ಅಂದ್ರೆ ಪೂರ್ತಿ ಉರಿಯದ ಡೀಸೆಲ್, ಮಾಲೀಕನ ದುಡ್ಡು ಆಕಾಶಕ್ಕೆ.

2008ರಲ್ಲಿ ಮೈಕೋ ಹೆಸರು ಬಾಷ್ ಆಯಿತು. ಆಡುಗೋಡಿಯ ಆ ಜಾಗ ಈಗ ಎಂಜಿನಿಯರುಗಳು ಕೂರೋ ಕ್ಯಾಂಪಸ್ಸು, 2022ರಲ್ಲಿ ಉದ್ಘಾಟನೆ ಆಯಿತು. ಉಕ್ಕಿನಲ್ಲಿ ಗೀರು ಕೊರೀತಿದ್ದ ಕೈಗಳ ಜಾಗದಲ್ಲಿ ಈಗ ಕೀಬೋರ್ಡು. ನಮ್ಮ ನೋಡುಗರಲ್ಲೇ ಕೆಲವರು ಇಂಥ ಎಂಜಿನ್ ಕಂಟ್ರೋಲ್ ಸಾಫ್ಟ್‌ವೇರಿನ ಕೆಲಸದಲ್ಲಿದ್ದೀರಿ, ನಿಮಗೆ ಗೊತ್ತು. 1997ರಲ್ಲಿ ಕಾರುಗಳಿಗೆ ಕಾಮನ್ ರೇಲ್ ಬಂದ ಮೇಲೆ ಹನಿಯ ಲೆಕ್ಕ ಕಂಪ್ಯೂಟರಿಗೆ ಹೋಯಿತು, ಒತ್ತಡ ಸಾವಿರದ ಮುನ್ನೂರು ಬಾರ್ ದಾಟಿತು. ಒಂದು ಅಕ್ಕಿಕಾಳನ್ನೇ ಎರಡು ಮೂರು ಚೂರು ಮಾಡಿ ಸಿಂಪಡಿಸಬಹುದಾಯಿತು. ಮೊದಲು ಚಿಟಿಕೆ, ಆಮೇಲೆ ಮುಖ್ಯ ಹನಿ. ಡಿಐ ಎಂಜಿನ್ನಿನ ಗಲಾಟೆ ತಗ್ಗಿತು, ಬೆಂಝಿನವರ ಕಿರುಕೋಣೆಗೆ ಕೆಲಸ ಇಲ್ಲವಾಯಿತು.

ಇಷ್ಟು ಎಂಜಿನ್ನಿನ ಕಥೆ. ಈಗ ಪಿಕಪ್ ಅನ್ನೋ ಪದದ ತವರು ಅಮೆರಿಕಕ್ಕೆ ಹೋಗೋಣ. ಉಳಿಸಿದ ಹನಿ ಎಲ್ಲಿ ಹೋಯಿತು ಅನ್ನೋದು ಅಲ್ಲೇ ಚೆನ್ನಾಗಿ ಕಾಣೋದು.

1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು. ಅಮೆರಿಕದ ಪೆಟ್ರೋಲ್ ಬಂಕುಗಳಲ್ಲಿ ಕ್ಯೂ. 1974ರ ಜನವರಿ 2ರಂದು ನಿಕ್ಸನ್ ಸಹಿ ಹಾಕಿದ ಕಾನೂನು ದೇಶಕ್ಕೆಲ್ಲ ಗಂಟೆಗೆ 55 ಮೈಲಿ, ಅಂದ್ರೆ 88 ಕಿಲೋಮೀಟರ್ ಮಿತಿ ತಂತು. 1975ರಲ್ಲಿ ಕಂಪನಿಗಳ ಗಾಡಿಗಳಿಗೆ ಸರಾಸರಿ ಮೈಲೇಜಿನ ಕಾನೂನೂ ಬಂತು. ಆಗ ಜನರಲ್ ಮೋಟಾರ್ಸ್ ಅವಸರದಲ್ಲಿ ಒಂದು ಡೀಸೆಲ್ ಮಾಡಿತು. 1978ರಲ್ಲಿ ಬಂದ ಓಲ್ಡ್ಸ್‌ಮೊಬೀಲ್‌ನ ವಿ8. ಕಾರುಗಳಿಗೂ ಹಾಕಿದರು, ಶೆವ್ರೊಲೆ ಪಿಕಪ್ಪಿಗೂ ಹಾಕಿದರು. ಮೈಲೇಜ್ ನಿಜಕ್ಕೂ ಚೆನ್ನಾಗಿತ್ತು. ಆದರೆ ಖರ್ಚು ಉಳಿಸೋಕೆ ತಲೆ ಬಿಗಿಯೋ ಬೋಲ್ಟುಗಳನ್ನ ಪೆಟ್ರೋಲ್ ಎಂಜಿನ್ನಿನ ಲೆಕ್ಕದಲ್ಲೇ ಇಟ್ಟರು. ಡೀಸೆಲ್ಲಿನ ಒತ್ತಡ ಅದರ ಎರಡು ಮೂರು ಪಟ್ಟು. ಬೋಲ್ಟು ಜಗ್ಗಿತು, ಗ್ಯಾಸ್ಕೆಟ್ ಹೋಯಿತು, ನೀರು ಸಿಲಿಂಡರಿಗೆ ನುಗ್ಗಿತು. ಡೀಸೆಲ್ಲಿನಲ್ಲಿ ಬೆರೆತ ನೀರನ್ನ ಬೇರೆ ಮಾಡೋ ಫಿಲ್ಟರನ್ನೂ ಬಿಟ್ಟಿದ್ದರು, ಪಂಪು ತುಕ್ಕು ಹಿಡೀತು. ಮೊಕದ್ದಮೆಗಳಾದವು, 1985ಕ್ಕೆ ಆ ಎಂಜಿನ್ ನಿಂತಿತು. ಒಂದು ಫಿಲ್ಟರಿನ ದುಡ್ಡು ಉಳಿಸೋಕೆ ಹೋಗಿ ಒಂದು ಇಡೀ ದೇಶದ ಜನಕ್ಕೆ ಡೀಸೆಲ್ ಕಾರು ಅಂದ್ರೆ ಹೆದರೋ ಹಾಗೆ ಮಾಡಿದರು.

ಅದಾದ ಮೇಲೆ 1989. ಡಾಡ್ಜ್ ಕಂಪನಿ ತನ್ನ ರಾಮ್ ಪಿಕಪ್ಪಿಗೆ ಕಮಿನ್ಸ್‌ನವರ 5.9 ಲೀಟರಿನ ಆರು ಸಿಲಿಂಡರ್ ಹಾಕಿತು. ಈ ಕಮಿನ್ಸ್ ಅಂದ್ರೆ ಪುಣೆಯವರಿಗೆ ಪರಿಚಯದ ಹೆಸರು, 1962ರಲ್ಲಿ ಕಿರ್ಲೋಸ್ಕರ್ ಜೊತೆ ಸೇರಿ ಅಲ್ಲಿ ಕಾರ್ಖಾನೆ ಹಾಕಿದವರು. ಅದರ ಸ್ಥಾಪಕ ಕ್ಲೆಸಿ ಕಮಿನ್ಸ್ 1930ರಲ್ಲಿ ಒಂದು ಪ್ಯಾಕರ್ಡ್ ಕಾರಿಗೆ ತನ್ನ ಡೀಸೆಲ್ ಹಾಕಿ ಇಂಡಿಯಾನಾಪೊಲಿಸ್‌ನಿಂದ ನ್ಯೂಯಾರ್ಕಿಗೆ, ಸುಮಾರು 1275 ಕಿಲೋಮೀಟರ್, 1 ಡಾಲರ್ 38 ಸೆಂಟಿನ ಇಂಧನದಲ್ಲಿ ಓಡಿಸಿ ಪತ್ರಿಕೆಗಳಲ್ಲಿ ಸುದ್ದಿ ಮಾಡಿದ್ದ. ಫೋರ್ಡಿನ, ಜಿಎಂನ ಪಿಕಪ್ ಡೀಸೆಲ್ಲುಗಳು ಆಗ ಇನ್ನೂ ಕಿರುಕೋಣೆಯವು. ಕಮಿನ್ಸಿನದು ನೇರ ಸಿಂಪಡಣೆ, ಮೇಲೆ ಟರ್ಬೊ, ಶಕ್ತಿ ಬರೀ 160 ಅಶ್ವಶಕ್ತಿ. ಲಾರಿಯಂತೆ ಗಡಗಡ ಅನ್ನೋದು, ಆದರೆ ಮೈಲೇಜಿನಲ್ಲಿ, ಬಾಳಿಕೆಯಲ್ಲಿ ರೈತರು ಮೆಚ್ಚಿಕೊಂಡರು.

ಆಮೇಲಿನ ಮೂವತ್ತು ವರ್ಷದಲ್ಲಿ ಟರ್ಬೊ, ಕಾಮನ್ ರೇಲ್, ಕಂಪ್ಯೂಟರ್ ಎಲ್ಲ ಬಂತು. 160 ಇದ್ದದ್ದು 2019ಕ್ಕೆ 400 ಅಶ್ವಶಕ್ತಿ ಆಯಿತು. ಗಾಡಿ ದಪ್ಪವಾಯಿತು, ಎತ್ತರವಾಯಿತು, ಮೂತಿ ಗೋಡೆಯಂತಾಯಿತು. ಮೈಲೇಜ್ ಆ ಲೆಕ್ಕದಲ್ಲಿ ಏರಲಿಲ್ಲ. ಉಳಿದ ಹನಿಯನ್ನೆಲ್ಲ ಗಾಡಿಯೇ ಕುಡಿಯಿತು. ಇನ್ನೂ ತಮಾಷೆ ಅಂದ್ರೆ, ಒಂದು ತೂಕದ ಮೇಲಿನ ಪಿಕಪ್ಪುಗಳಿಗೆ ಅಮೆರಿಕದಲ್ಲಿ ಕಿಟಕಿಗೆ ಅಂಟಿಸೋ ಮೈಲೇಜ್ ಚೀಟಿಯೇ ಕಡ್ಡಾಯ ಅಲ್ಲ. ಎಷ್ಟು ಕೊಡುತ್ತೆ ಅಂತ ಕೇಳೋರೇ ಇಲ್ಲದ ಕಡೆ ಗಾಡಿ ಯಾಕೆ ಕೊಡುತ್ತೆ?

ನಮ್ಮಲ್ಲಿ ಕೇಳೋರಿದ್ದರು. 2005ರಲ್ಲಿ ಟಾಟಾ ಏಸ್ ಬಂದಾಗ, ಪುಣೆಯಲ್ಲಿ ಗಿರೀಶ್ ವಾಘ್ ಅವರ ತಂಡ ಇಂಡಿಕಾದ 1.4 ಲೀಟರಿನ ಎಂಜಿನ್ನನ್ನ ಹೆಚ್ಚುಕಡಿಮೆ ಅರ್ಧಕ್ಕೆ ಕತ್ತರಿಸಿದ ಹಾಗೆ ಎರಡು ಸಿಲಿಂಡರ್, 702 ಸಿಸಿ, 16 ಅಶ್ವಶಕ್ತಿಯ ಎಂಜಿನ್ ಮಾಡಿತು. ಅದೂ ಹಳೆಯ ಕಿರುಕೋಣೆ ಪದ್ಧತಿಯದೇ, ಅಗ್ಗಕ್ಕೋಸ್ಕರ. ತಾಂತ್ರಿಕವಾಗಿ ಹಿಂದಿನ ಕಾಲದ್ದು, ಆದರೂ ಡೀಸೆಲ್ ಕಮ್ಮಿ ಕುಡೀತಿತ್ತು, ಯಾಕಂದ್ರೆ ಗಾಡಿ ಚಿಕ್ಕದು, ವೇಗ ಕಡಿಮೆ, ಕೆಲಸಕ್ಕೆ ತಕ್ಕಷ್ಟೇ ಎಂಜಿನ್. ಇದೇ ಅಮೆರಿಕದ ಉಲ್ಟಾ ಕಥೆ. ಆಗಿನ್ನೂ ಡೀಸೆಲ್ಲಿಗೆ ಸರ್ಕಾರದ ಆಸರೆ ಇತ್ತು. 2013ರ ಜನವರಿಯಿಂದ ತಿಂಗಳಿಗೆ ಲೀಟರಿಗೆ 50 ಪೈಸೆಯಂತೆ ಏರಿಸ್ತಾ ಬಂದು, 2014ರ ಅಕ್ಟೋಬರಿನಲ್ಲಿ ಪೂರ್ತಿ ಕೈಬಿಟ್ಟರು. 2017ರಿಂದ ದಿನಾ ದರ ಬದಲಾಗಬಹುದು. ಬಾಡಿಗೆ ಮಾತ್ರ ದಿನಾ ಬದಲಾಗಲ್ಲ. ಆ ನಡುವಿನ ಅಂತರವನ್ನ ಡ್ರೈವರು ತನ್ನ ಬಲಗಾಲಿನಲ್ಲೇ ತುಂಬಿಕೊಳ್ಳಬೇಕು.

ಬಲಗಾಲು ಅಂತ ಸುಮ್ಮನೆ ಹೇಳ್ತಿಲ್ಲ. ನಾನು ಹಾಕಿರೋ ಒಂದು ಒರಟು ಲೆಕ್ಕ ಕೇಳಿ. ತುಂಬಿದ ಪಿಕಪ್ಪು 2.9 ಟನ್. ಚಕ್ರ ಉರುಳಿಸೋಕೆ ಸುಮಾರು 285 ನ್ಯೂಟನ್ ಬಲ ಬೇಕು, ಅದು ವೇಗಕ್ಕೆ ಹೆಚ್ಚು ಬದಲಾಗಲ್ಲ. ಗಾಳಿಯನ್ನ ತಳ್ಳೋಕೆ 60ರ ವೇಗದಲ್ಲಿ ಸುಮಾರು 270, 80ರಲ್ಲಿ 475. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ, ಪಿಕಪ್ಪು ಬೇರೆ ಗಾಳಿಗೆ ತೆರೆದ ಡಬ್ಬ. ಒಟ್ಟು 555 ಇದ್ದದ್ದು 760. ಲೀಟರಿಗೆ 18 ಕೊಡೋ ಗಾಡಿ 13, 14ಕ್ಕೆ ಇಳಿಯುತ್ತೆ. ಜಾಸ್ತಿ ಭಾರದಲ್ಲಿ ಎಂಜಿನ್ನು ತುಸು ಚೆನ್ನಾಗಿ ಕೆಲಸ ಮಾಡೋದ್ರಿಂದ ನಿಜದಲ್ಲಿ ಇಳಿತ ಇದಕ್ಕಿಂತ ಸ್ವಲ್ಪ ಕಮ್ಮಿ ಇರಬಹುದು. ಆದರೂ ಕಿರುಕೋಣೆಯಿಂದ ನೇರ ಸಿಂಪಡಣೆಗೆ ಬರೋಕೆ ಜಗತ್ತು ಪಟ್ಟ ಅಷ್ಟೂ ಕಷ್ಟದ ಫಲ ಹತ್ತು ಹದಿನೈದು ಶೇಕಡಾ. 60ರಿಂದ 80ಕ್ಕೆ ಏರಿದ್ರೆ ಅದಕ್ಕಿಂತ ಹೆಚ್ಚು ಹತ್ತೇ ನಿಮಿಷದಲ್ಲಿ ಖಾಲಿ.

1978ರಲ್ಲಿ ಭಾರತ ಸರ್ಕಾರ ಪೆಟ್ರೋಲಿಯಂ ಉಳಿತಾಯಕ್ಕೆ ಅಂತಲೇ ಪಿಸಿಆರ್‌ಎ ಅನ್ನೋ ಸಂಸ್ಥೆ ಮಾಡಿತು. ಅವರು ಹೇಳ್ತಾ ಬಂದಿರೋದೂ ಇಂಥದ್ದೇ: ಹದವಾದ ವೇಗ, ಟೈರಿನಲ್ಲಿ ಸರಿಯಾದ ಗಾಳಿ, ನಿಂತಾಗ ಎಂಜಿನ್ ಆಫ್, ಸ್ವಚ್ಛ ಏರ್ ಫಿಲ್ಟರು. ಕೇಳೋಕೆ ಬೋರು. ಆದರೆ ನಾವು, ಆರ್ಡರ್ ಹಾಕಿ ಹತ್ತು ನಿಮಿಷಕ್ಕೆ ಬರಲಿಲ್ಲ ಅಂತ ಫೋನ್ ಮಾಡೋರು, ಆ ಡ್ರೈವರಿಗೆ 60ರಲ್ಲಿ ಹೋಗೋಕೆ ಬಿಡ್ತೀವಾ ಅನ್ನೋದೂ ಒಂದು ಪ್ರಶ್ನೆ. ಗೋದಾಮಿನ ಟೈಮ್ ಸ್ಲಾಟು ತಪ್ಪಿದ್ರೆ ದಂಡ. ಡೀಸೆಲ್ ಖರ್ಚು ಅವನದು, ಅವಸರ ನಮ್ಮದು.

ಕೊನೆಗೆ ಇತ್ತೀಚಿನದು ಒಂದು. 2020ರ ಏಪ್ರಿಲ್ 1ರಿಂದ ಬಿಎಸ್ 6 ಬಂತು, ಡೀಸೆಲ್ಲಿನ ಗಂಧಕ 10 ಪಿಪಿಎಂಗೆ ಇಳಿಯಿತು. ಹೊಗೆಯ ಮಸಿ ಹಿಡಿಯೋ ಡಿಪಿಎಫ್ ಫಿಲ್ಟರು ಬಂತು. ಊರಿನ ಗಾಳಿಗೆ ಇದು ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮಸಿಯನ್ನ ಆಗಾಗ ಸುಮಾರು 600 ಡಿಗ್ರಿಯಲ್ಲಿ ಸುಡಬೇಕು, ಅದಕ್ಕೆ ಹೆಚ್ಚುವರಿ ಡೀಸೆಲ್ ಹೋಗುತ್ತೆ, ಗಾಡಿ ಒಂದು ಅಡಿಯೂ ಮುಂದೆ ಹೋಗದೆ. ಹೆದ್ದಾರಿ ಕಾಣದೆ ಬರೀ ಮಾರ್ಕೆಟ್ಟು, ಗಲ್ಲಿ, ಸಿಗ್ನಲ್ಲಿನಲ್ಲೇ ಓಡೋ ಪಿಕಪ್ಪಿಗೆ ಈ ಸುಡೋ ಕೆಲಸ ಅರ್ಧಕ್ಕೆ ನಿಲ್ಲುತ್ತೆ. ಮತ್ತೆ ಶುರುವಾಗುತ್ತೆ, ಮತ್ತೆ ಅಷ್ಟೇ ಡೀಸೆಲ್, ಕೆಲವು ಸಲ ಅದು ಎಂಜಿನ್ ಆಯಿಲ್ಲಿಗೂ ಸೇರುತ್ತೆ. ಹಾಗಾಗಿ ನಿಮ್ಮ ಪರಿಚಯದವರು, ಊರಲ್ಲಿ ನಿಮ್ಮಣ್ಣನೋ ಭಾವನೋ ಬಿಎಸ್ 6 ಪಿಕಪ್ ಓಡಿಸ್ತಿದ್ರೆ ಇದೊಂದು ಹೇಳಿ: ಡ್ಯಾಶ್‌ಬೋರ್ಡಿನಲ್ಲಿ ಆ ದೀಪ ಬಂದಾಗ, ಐಡ್ಲಿಂಗ್ ತಾನಾಗೇ ಏರಿದಾಗ, ಕೀ ತಿರುಗಿಸಿ ಆಫ್ ಮಾಡಬೇಡಿ. ಒಂದು ಹದಿನೈದು ಇಪ್ಪತ್ತು ನಿಮಿಷ ರಿಂಗ್ ರೋಡಿನಲ್ಲಿ ಒಂದೇ ವೇಗದಲ್ಲಿ ಓಡಿಸಿ, ಅದು ಮುಗಿಸಲಿ.